‘ಕಳಿಸು ಅಣ್ಣಾ, ನಾವಿದ್ದೀವಲ್ಲ’

ನಿಮಗೂ ಇಂಥ ಫೋನ್ ಬಂದಿರುತ್ತದೆ. ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗ ಊರಿನಿಂದ ವಾಟ್ಸಾಪ್ ಕರೆ. ಮಳೆ, ಅಡಿಕೆ ರೇಟು, ಯಾರದೋ ಮದುವೆ ಎಲ್ಲ ಮುಗಿದ ಮೇಲೆ ಮಾತು ನಿಧಾನವಾಗಿ ಅಲ್ಲಿಗೆ ಬರುತ್ತದೆ.

"ಇವನಿಗೆ ಶಿಕಾಗೊದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಕಳಿಸಬಹುದಾ? ನೀನು ಅಲ್ಲೇ ಇದ್ದೀಯಲ್ಲ, ನಿಂಗೆ ಗೊತ್ತಿರತ್ತೆ."

2023ರ ಏಪ್ರಿಲ್‌ನಲ್ಲಿ ನನಗೆ ಹೀಗೆ ಫೋನ್ ಮಾಡಿದ್ದು ನನ್ನ ಅಣ್ಣ. ಸಾಗರದ ಹತ್ತಿರ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ, ಅಣ್ಣನೇ ನೋಡಿಕೊಳ್ಳುತ್ತಾನೆ. ಮಗ ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದ. ನಾನು ಹೆಚ್ಚು ಯೋಚಿಸಲಿಲ್ಲ. "ಒಳ್ಳೇ ಅವಕಾಶ. ಕಳಿಸು ಅಣ್ಣಾ, ನಾವಿದ್ದೀವಲ್ಲ" ಅಂದೆ. ಒಟ್ಟು ಐದು ನಿಮಿಷದ ಮಾತು.

ಅದೇ ದಿನಗಳಲ್ಲಿ ನೇಪರ್‌ವಿಲ್‌ನ ನಮ್ಮ ಮನೆಯಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿತ್ತು. ಮಗಳು ಮುಂದಿನ ವರ್ಷ ಕಾಲೇಜಿಗೆ ಹೋಗುವವಳು. ಅವಳ ಹೆಸರಿನ 529 ಖಾತೆಯಲ್ಲಿ ಎಷ್ಟಿದೆ, ಇಲಿನಾಯ್ ರಾಜ್ಯದವರಿಗೆ ಅರ್ಬಾನಾದಲ್ಲಿ ಎಷ್ಟು ಫೀಸು, ಆನ್ ಆರ್ಬರ್‌ಗೆ ಹೋದರೆ ಹೊರರಾಜ್ಯದವಳೆಂದು ಎಷ್ಟು ಹೆಚ್ಚು, ಎಲ್ಲವನ್ನೂ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕಿ ನಾನೂ ನನ್ನ ಗಂಡನೂ ವಾರಗಟ್ಟಲೆ ಜಗಳವಾಡಿದ್ದೆವು. ನಮ್ಮ ಮಗಳಿಗೆ ಅಷ್ಟು ಲೆಕ್ಕ. ಅಣ್ಣನ ಮಗನಿಗೆ ಐದು ನಿಮಿಷ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಮ್ಮಲ್ಲಿ ಬಹಳ ಮಂದಿ ಹೀಗೇ ಉತ್ತರ ಕೊಡುತ್ತೇವೆ ಅಂತ ನನ್ನ ಅನುಮಾನ.

ಯಾಕೆ ಹೀಗೆ? ನಮ್ಮ ಕಾಲದ ಲೆಕ್ಕವೇ ತಲೆಯಲ್ಲಿ ಕೂತಿರುವುದರಿಂದ. ನಾನು ಡೆಟ್ರಾಯಿಟ್‌ಗೆ ಬಂದದ್ದು 1997ರ ಆಗಸ್ಟ್‌ನಲ್ಲಿ, ವೇಯ್ನ್ ಸ್ಟೇಟ್ ಯೂನಿವರ್ಸಿಟಿಗೆ, ಕೆಮಿಸ್ಟ್ರಿ ಓದಲು. ಟೀಚಿಂಗ್ ಅಸಿಸ್ಟೆಂಟ್ ಆಗಿದ್ದರಿಂದ ಫೀಸು ಮಾಫಿ, ಮೇಲೆ ತಿಂಗಳಿಗೆ ಸಾವಿರ ಡಾಲರ್ ಚಿಲ್ಲರೆ ಸಂಬಳ. ಆಗ ಡಾಲರ್‌ಗೆ 36 ರೂಪಾಯಿ. ವಿಮಾನದ ಟಿಕೆಟ್ಟು, 800 ಡಾಲರ್ ಟ್ರಾವೆಲರ್ಸ್ ಚೆಕ್, ಚಳಿಯ ಕೋಟು, ಎರಡು ಸೂಟ್‌ಕೇಸು ಎಲ್ಲ ಸೇರಿ ಅಪ್ಪ ಎಂಬತ್ತು ಸಾವಿರದೊಳಗೆ ನನ್ನನ್ನು ಅಮೆರಿಕಕ್ಕೆ ಕಳಿಸಿದರು. ಕ್ಯಾಸ್ ಅವೆನ್ಯೂ ಬಳಿಯ ಹಳೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಹುಡುಗಿಯರು, ಒಂದೇ ಕುಕ್ಕರು. ಕಷ್ಟ ಇರಲಿಲ್ಲವೆಂದಲ್ಲ. ಆದರೆ ಸಾಲ ಇರಲಿಲ್ಲ. ಫೇಲಾಗಿ ವಾಪಸ್ ಹೋಗಿದ್ದರೆ ಮರ್ಯಾದೆ ಹೋಗುತ್ತಿತ್ತು, ಮನೆ ಹೋಗುತ್ತಿರಲಿಲ್ಲ.

ನನಗಿಂತ ಹಿಂದಿನವರದ್ದೂ ಹೆಚ್ಚುಕಡಿಮೆ ಇದೇ ಕಥೆ. ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಬಂದದ್ದು ಫುಲ್‌ಬ್ರೈಟ್ ನೆರವಿನಿಂದ. ಆಮೇಲೆ ಶಿಕಾಗೊ ಯೂನಿವರ್ಸಿಟಿಯಲ್ಲಿ ಮೂರು ದಶಕ ಪಾಠ ಮಾಡಿದರು. ಅವರ ಪ್ರತಿಭೆಗೆ ನಮ್ಮನ್ನು ಹೋಲಿಸುತ್ತಿಲ್ಲ, ನಾನು ಹೇಳುತ್ತಿರುವುದು ಬರೀ ದುಡ್ಡಿನ ಮಾತು. ಆಗ ಬಂದವರಲ್ಲಿ ಬಹಳ ಮಂದಿಯ ಓದಿನ ಬಿಲ್ಲನ್ನು ಬೇರೆ ಯಾರೋ ಕೊಟ್ಟರು. ಈಗ ಎಂ.ಎಸ್.ಗೆ ಬರುವ ಮಕ್ಕಳಲ್ಲಿ ಹೆಚ್ಚಿನವರದ್ದು ಅಪ್ಪ ಅಮ್ಮನ ಸಹಿ ಇರುವ ಸಾಲ. ಓದು ಒಂದೇ, ವಿಮಾನ ಒಂದೇ, ಆದರೆ ಬಿದ್ದರೆ ಆಗುವ ಪೆಟ್ಟು ಬೇರೆ.

ಬೇರೆಯವರಿಂದ ಕಲಿಯುವ ಅವಕಾಶ ನಮಗೆ ಮೊದಲೇ ಸಿಕ್ಕಿತ್ತು. 2019ರಲ್ಲಿ ನಾವು ಇನ್ನೂ ಮಿಷಿಗನ್‌ನಲ್ಲಿದ್ದೆವು, ನೋವೈನಲ್ಲಿ. ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, ನಾರ್ತ್‌ವೆಸ್ಟರ್ನ್ ಹೈವೇಯ ಒಂದು ಆಫೀಸ್ ಕಟ್ಟಡದಲ್ಲಿ, ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಅಂತ ಇತ್ತು. ಪಾಠವಿಲ್ಲ, ಮೇಷ್ಟ್ರಿಲ್ಲ. ಆ ವರ್ಷ ಜನವರಿ ಕೊನೆಯಲ್ಲಿ, ಹೊರಗೆ ಮುಖ ಇಟ್ಟರೆ ಉಸಿರು ಹೆಪ್ಪುಗಟ್ಟುವ ಚಳಿಯ ವಾರದಲ್ಲಿ, ಅದನ್ನು ನಡೆಸುತ್ತಿದ್ದವರು ವಲಸೆ ಇಲಾಖೆಯ ಗುಪ್ತ ಅಧಿಕಾರಿಗಳೇ ಎಂದು ಗೊತ್ತಾಯಿತು. ಸುಮಾರು 600 ಮಂದಿ ಹೆಸರು ನೋಂದಾಯಿಸಿದ್ದರು, ಹೆಚ್ಚಿನವರು ಭಾರತದವರು. ಮೊದಲ ಸುತ್ತಿನಲ್ಲೇ 129 ಭಾರತೀಯರು ಬಂಧನಕ್ಕೊಳಗಾದರು. ಅವರಿಗೆ ಎಲ್ಲ ಗೊತ್ತಿತ್ತು, ವೀಸಾ ಉಳಿಸಿಕೊಳ್ಳಲಿಕ್ಕೇ ಸೇರಿದರು ಅಂತ ಸರ್ಕಾರ ಹೇಳಿತು. ಸರ್ಕಾರದ ಪಟ್ಟಿಯಲ್ಲೇ ಇದ್ದ ಕಾಲೇಜನ್ನು ನಂಬಿದ್ದು ತಪ್ಪೇ ಅಂತ ಅವರ ವಕೀಲರು ಕೇಳಿದರು. ಕೆಲವರು ಮೊದಲು ಸೇರಿದ್ದ ಕಾಲೇಜಿನ ಮಾನ್ಯತೆ ಹೋಗಿದ್ದರಿಂದ ಇಲ್ಲಿಗೆ ಬಂದವರು ಎಂದೂ ಪತ್ರಿಕೆಗಳಲ್ಲಿ ಬಂತು.

ಆ ಶನಿವಾರ ಸ್ನೇಹಿತರ ಮನೆಯ ಊಟದಲ್ಲಿ ಇದೇ ಮಾತು. "ಕ್ಲಾಸೇ ಇಲ್ಲದ ಯೂನಿವರ್ಸಿಟಿ ಅಂದ್ರೆ ಗೊತ್ತಾಗಲ್ವೇನ್ರೀ?" ಅಂತ ಎಲ್ಲರೂ ಕೇಳಿದೆವು. ನಾನೂ ಕೇಳಿದೆ. ಆ ಮಕ್ಕಳು ಊರಲ್ಲಿ ಎಷ್ಟು ಸಾಲ ಬಿಟ್ಟು ಬಂದಿದ್ದಾರೆ, ವಾಪಸ್ ಹೋಗಲು ಯಾಕೆ ಅಷ್ಟು ಹೆದರಿದರು ಅಂತ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಿದ್ದ ನಮಗೆ ಒಬ್ಬರಿಗೂ ಹೊಳೆಯಲಿಲ್ಲ. ಅವರು ಮಾಡಿದ್ದು ಸರಿ ಅಂತ ನಾನು ಈಗಲೂ ಹೇಳುವುದಿಲ್ಲ. ಆ ಹೆದರಿಕೆ ಎಲ್ಲಿಂದ ಬಂತು ಅನ್ನುವುದು ಮಾತ್ರ ಅರ್ಥವಾಗಿದೆ.

ಅಣ್ಣನ ಮಗ ಸೇರಿದ್ದು ನಿಜವಾದ, ಒಳ್ಳೆಯ ಹೆಸರಿನ ಯೂನಿವರ್ಸಿಟಿಯೇ. 2023ರ ಆಗಸ್ಟ್‌ನಲ್ಲಿ ಓಹೇರ್‌ನಿಂದ ನಾನೇ ಕರೆದುಕೊಂಡು ಬಂದೆ. ಟೇಲರ್ ಸ್ಟ್ರೀಟ್ ಹತ್ತಿರ ಎರಡು ಬೆಡ್‌ರೂಮಿನ ಮನೆಯಲ್ಲಿ ಐದು ಹುಡುಗರು. ಕ್ಯಾಂಪಸ್ಸಿನ ಊಟದ ಹಾಲಿನಲ್ಲಿ ವಾರಕ್ಕೆ 20 ಗಂಟೆ ಕೆಲಸ. ಅದಕ್ಕಿಂತ ಹೆಚ್ಚು ಮಾಡುವಂತಿಲ್ಲ, ಮೊದಲ ವರ್ಷ ಹೊರಗೆ ಕೆಲಸ ಮಾಡುವಂತೆಯೂ ಇಲ್ಲ. ತಿಂಗಳಿಗೊಮ್ಮೆ ಯೂನಿಯನ್ ಸ್ಟೇಷನ್‌ನಿಂದ ಮೆಟ್ರಾ ರೈಲು ಹತ್ತಿ ನಮ್ಮ ಮನೆಗೆ ಬರುತ್ತಿದ್ದ. ಚಟ್ನಿಪುಡಿ, ಉಪ್ಪಿನಕಾಯಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ಸಾರಿನ ಡಬ್ಬಿ ಕೊಟ್ಟು ಕಳಿಸುತ್ತಿದ್ದೆ. ‘ನಾವಿದ್ದೀವಲ್ಲ’ ಅಂದರೆ ಇಷ್ಟೇ ಅಂದುಕೊಂಡಿದ್ದೆ.

2025ರ ಮೇ ತಿಂಗಳಲ್ಲಿ ಓದು ಮುಗಿಯಿತು. ಕೆಲಸ ಸಿಗಲಿಲ್ಲ. ಓಪಿಟಿ ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ ಎಂಬ ನಿಯಮ ನಿಮಗೆ ಗೊತ್ತಿರಬಹುದು. ನನಗೆ ಗೊತ್ತಿತ್ತು, ಆದರೆ ಆ ದಿನಗಳನ್ನು ಎಣಿಸುವವನ ಎದುರು ಕೂತಿರಲಿಲ್ಲ. ನಮ್ಮ ನೆಲಮಾಳಿಗೆಯಲ್ಲಿ ಮಲಗುತ್ತಿದ್ದ, ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಹಾಕುತ್ತಿದ್ದ. ಊಟಕ್ಕೆ ಕರೆದರೆ "ಹಸಿವಿಲ್ಲ ಅತ್ತೆ" ಅನ್ನುತ್ತಿದ್ದ.

ಅರವತ್ತನೇ ದಿನದ ಆಸುಪಾಸಿನಲ್ಲಿ ಅಣ್ಣ ಫೋನ್ ಮಾಡಿದ. ದುಡ್ಡು ಕೇಳಲಿಲ್ಲ. "ಪೇಟೆ ಮನೆ ಪತ್ರ ಬ್ಯಾಂಕಿನಲ್ಲಿದೆ ಕಣೇ. ಅವನಿಗೆ ಹೇಳಬೇಡ, ಮೊದಲೇ ಹೆದರಿದಾನೆ" ಅಂದ.

ಸಾಗರ ಪೇಟೆಯಲ್ಲಿ ಅಪ್ಪ ಕಟ್ಟಿಸಿದ ಮನೆ ಅದು. ತೋಟ ಕೃಷಿಭೂಮಿ, ಓದಿನ ಸಾಲಕ್ಕೆ ಬ್ಯಾಂಕು ಅದನ್ನು ಒಪ್ಪಲಿಲ್ಲ, ಹಾಗಾಗಿ ಮನೆ ಇಟ್ಟಿದ್ದ. ನನಗೆ ತಕ್ಷಣ ನೆನಪಾಯಿತು. 2022ರ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ, ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕುಬಿಡುಗಡೆ ಪತ್ರಕ್ಕೆ ನಾನೇ ಸಹಿ ಹಾಕಿದ್ದೆ. "ಮನೆ ನನ್ನೊಬ್ಬನ ಹೆಸರಿಗೆ ಆಗಬೇಕು" ಅಂದಿದ್ದ. ಯಾಕೆ ಅಂತ ಕೇಳಿರಲಿಲ್ಲ. ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟೆ ಅಂತ ನನಗೆ ನಾನೇ ಮೆಚ್ಚಿಕೊಂಡಿದ್ದೆ.

ಇನ್ನೊಂದು ವಿಷಯ ಹೇಳದೆ ಇದು ಪೂರ್ತಿಯಾಗುವುದಿಲ್ಲ. ನನ್ನ ಓದು ಎಂಬತ್ತು ಸಾವಿರದಲ್ಲಿ ಮುಗಿಯಿತು ಅಂತ ಮೇಲೆ ಬರೆದೆನಲ್ಲ, ಅದು ಅಪ್ಪನ ಲೆಕ್ಕ. ಅಣ್ಣ ಬಿ.ಎಸ್ಸಿ. ಮುಗಿಸಿದವನು, ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವ ಆಸೆ ಇತ್ತು. ಅಪ್ಪನಿಗೆ ಮೊಣಕಾಲು ನೋವು, ಕೊನೆ ಕೊಯ್ಯಿಸಲು ಜನ ಹಿಡಿಯಬೇಕು, ಔಷಧಿ ಹೊಡೆಸಬೇಕು. ಒಬ್ಬರು ಮನೆಯಲ್ಲಿರಬೇಕಿತ್ತು, ಅವನು ಉಳಿದ. ಹಾಗಾಗಿ ನಾನು ಹೊರಟೆ. ಆ ಖರ್ಚನ್ನು ಯಾರೂ ಎಲ್ಲೂ ಬರೆದಿಡಲಿಲ್ಲ.

ಅವತ್ತು ರಾತ್ರಿ ಮಗಳಿಗೆ ಮಾಡಿದ್ದ ಅದೇ ಎಕ್ಸೆಲ್ ಶೀಟು ತೆಗೆದು ಅಣ್ಣನ ಸಾಲ ಹಾಕಿ ನೋಡಿದೆ. ನೀವೂ ನೋಡಿ. 50 ಲಕ್ಷ ಸಾಲ, ಶೇ 11 ಬಡ್ಡಿ, ಹತ್ತು ವರ್ಷ ಅಂದರೆ ತಿಂಗಳ ಕಂತು ಸುಮಾರು 69 ಸಾವಿರ ರೂಪಾಯಿ. ಹತ್ತು ವರ್ಷಕ್ಕೆ ಕಟ್ಟುವುದು ಎಂಬತ್ತೆರಡೂವರೆ ಲಕ್ಷ. ಓದುವಾಗ ಕಂತು ಇರುವುದಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಅದನ್ನು ಆಗಾಗ ಕಟ್ಟದೆ ಬಿಟ್ಟರೆ ಕಂತು ಶುರುವಾಗುವ ಹೊತ್ತಿಗೆ ಅಸಲೇ 50 ಲಕ್ಷ ದಾಟಿರುತ್ತದೆ. ಇಲ್ಲಿ ಕೆಲಸವಿದ್ದರೆ ಇದು ಕಟ್ಟಬಹುದಾದ ಸಾಲ. ರೂಪಾಯಿ ಬಿದ್ದಷ್ಟೂ ಓದುವವನಿಗೆ ಪೆಟ್ಟು, ಆದರೆ ಡಾಲರ್ ದುಡಿದು ರೂಪಾಯಿ ಸಾಲ ತೀರಿಸುವವನಿಗೆ ಅದೇ ಅನುಕೂಲ. ವಾಪಸ್ ಹೋದರೆ? ಇವನ ಜೊತೆ ಓದಿದವರಿಗೆ ಬೆಂಗಳೂರಿನಲ್ಲಿ ಕೈಗೆ ಬರುವುದು 65 ಸಾವಿರ. ಇಡೀ ಸಂಬಳಕ್ಕಿಂತ ಕಂತೇ ಹೆಚ್ಚು. ಅಂದರೆ ಈ ಸಾಲ ಓದಿಗೆ ಕೊಟ್ಟದ್ದಲ್ಲ, ಇಲ್ಲಿ ಸಿಗಬಹುದಾದ ಕೆಲಸದ ಮೇಲೆ ಕೊಟ್ಟದ್ದು. ಸಿಗದೇ ಹೋದರೆ ಅದನ್ನು ಹೊರುವವನು 58 ವರ್ಷದ ಅಣ್ಣ. ಇದನ್ನು ಏಪ್ರಿಲ್ 2023ರಲ್ಲೇ ಹತ್ತು ನಿಮಿಷ ಕೂತು ಹಾಕಿದ್ದರೆ ಅಣ್ಣನಿಗೆ ಹೇಳಬಹುದಿತ್ತು. ಆಗಲೂ ಅವನು ಕಳಿಸುತ್ತಿದ್ದನೋ ಏನೋ. ಕಳಿಸಿದ್ದರೂ ತಿಳಿದು ಕಳಿಸುತ್ತಿದ್ದ.

ಎಪ್ಪತ್ತೊಂದನೇ ದಿನ ಕೆಲಸ ಸಿಕ್ಕಿತು. ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ, ವರ್ಷಕ್ಕೆ 68 ಸಾವಿರ ಡಾಲರ್. ನಾನೇ ಕಾರಿನಲ್ಲಿ ಬಿಟ್ಟು ಬಂದೆ. ಐ-94ರಲ್ಲಿ ಕಲಮಜೂ ದಾಟುವವರೆಗೂ ಅವನು ನಿದ್ದೆ ಮಾಡಿದ, ಅಷ್ಟು ದಿನದ ನಿದ್ದೆ. ಎದ್ದ ಮೇಲೆ ಕೇಳಿದೆ, "ಬಂದದ್ದು ತಪ್ಪಾಯ್ತು ಅನ್ಸತ್ತೇನೋ?"

"ಲ್ಯಾಬು ಚೆನ್ನಾಗಿತ್ತು ಅತ್ತೆ. ಬ್ಯಾಟರಿನ ನಾವೇ ಬಿಚ್ಚಿ ಟೆಸ್ಟ್ ಮಾಡ್ತಿದ್ವಿ. ಅಲ್ಲಿ ನಾಲ್ಕು ವರ್ಷದಲ್ಲಿ ಒಂದ್ಸಲಾನೂ ಮುಟ್ಟಿರಲಿಲ್ಲ" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಮನೆ ಪತ್ರ ಇಟ್ಟಿದಾರೆ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಅಪ್ಪಂಗೆ ಹೇಳ್ಬೇಡಿ" ಅಂದ.

ಈಗ ತಿಂಗಳಿಗೆ ಸುಮಾರು 900 ಡಾಲರ್ ಊರಿಗೆ ಹೋಗುತ್ತದೆ. ಕಳೆದ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಸುದ್ದಿ ಬಂದಾಗ ಅಣ್ಣ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ದ. ಇಲ್ಲೇ ಓದಿ ಇಲ್ಲೇ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸುವುದಿಲ್ಲ ಎಂದು ಮುಂದಿನ ತಿಂಗಳು ಸ್ಪಷ್ಟವಾಯಿತು. ಓಪಿಟಿಯ ಒಂದು ವರ್ಷ, ಅದರ ಮೇಲೆ ಎಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳು, ಅಷ್ಟರಲ್ಲಿ 85 ಸಾವಿರ ವೀಸಾಗಳಲ್ಲಿ ಒಂದು ಸಿಗಬೇಕು. ನನ್ನ ಪಾಲಿನ ಮನೆಗೆ ನಾನೂ ಕಂತು ಕಟ್ಟುತ್ತೇನೆ ಅಂದೆ. ಅಣ್ಣ ಬೇಡ ಅಂದ. ಎರಡು ಸಲ ಜಗಳವಾಯಿತು. ವರ್ಷಕ್ಕೆ ನಾಲ್ಕು ಕಂತು ನನ್ನದು ಅಂತ ಈಗ ತೀರ್ಮಾನವಾಗಿದೆ.

ಹೋದ ವಾರ ನನ್ನ ಗಂಡನ ಚಿಕ್ಕಪ್ಪನ ಮಗಳು ದಾವಣಗೆರೆಯಿಂದ ಫೋನ್ ಮಾಡಿದ್ದಳು. ಅವಳ ಮಗಳಿಗೆ ಮಿಷಿಗನ್‌ನಲ್ಲಿ ಸೀಟು ಸಿಕ್ಕಿದೆ. "ಅತ್ತಿಗೆ, ಕಳಿಸಬಹುದಾ?" ಅಂದಳು. ನಾನು ಹೌದು ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಏನು ಇಟ್ಟು ಸಾಲ ತೆಗೆಯುತ್ತೀರಿ, ಯಾರ ಸಹಿ ಅಂತ ಕೇಳಿದೆ. ಎಕ್ಸೆಲ್ ಶೀಟು ಕಳಿಸಿದೆ. ಅದರಲ್ಲಿ ಮೂರು ಕಾಲಂ: ಇಲ್ಲಿ ಕೆಲಸ ಸಿಕ್ಕರೆ, ಆರು ತಿಂಗಳು ತಡವಾದರೆ, ಸಿಗದೆ ವಾಪಸ್ ಬಂದರೆ.

ಮೂರು ದಿನ ಸುದ್ದಿಯಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ನಿನ್ನೆ ರಾತ್ರಿ ಮೆಸೇಜು ಬಂತು: "ಅತ್ತಿಗೆ, ನೀವು ಬಡ್ಡಿ ಶೇ 11 ಅಂತ ಹಾಕಿದ್ದೀರಿ. ನಮಗೆ ಹನ್ನೆರಡೂವರೆ ಹೇಳಿದ್ದಾರೆ. ಎಷ್ಟಾಗುತ್ತೆ ನೋಡಿ ಹೇಳ್ತೀರಾ?"

ಬದಲಿಸಿ ನೋಡಿದೆ. 73 ಸಾವಿರ ದಾಟಿತು. ಅದನ್ನೇ ಬರೆದು ಕಳಿಸಿದ್ದೇನೆ.