ಬಚ್ಚಲಿನ ಗೋಡೆಗೆ ಯಾವ ಹಲಗೆ?



ಪವಿತ್ರ ಬೈಬಲಿನ ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಮನೆಯ ಗೋಡೆಗೆ ಹತ್ತುವ ಬೂಷ್ಟಿನಂಥ ರೋಗದ ವಿಚಾರ ಬರುತ್ತದೆ. ಗೋಡೆಯಲ್ಲಿ ಹಸುರು ಅಥವಾ ಕೆಂಪು ಕಲೆಗಳು ಕಂಡರೆ ಯಾಜಕನು ಬಂದು ಪರೀಕ್ಷಿಸಬೇಕು, ಮನೆಯನ್ನು 7 ದಿನ ಮುಚ್ಚಿಸಬೇಕು. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕೀಳಿಸಿ, ಗಾರೆಯನ್ನು ಹೆರೆಸಿ, ಹೊಸದಾಗಿ ಗಿಲಾವು ಮಾಡಿಸಬೇಕು. ಗುರುಮಠದಲ್ಲಿ ನಾವು ಅವಸರದಿಂದ ಮಗುಚಿದ ಪುಟಗಳಲ್ಲಿ ಇದೂ ಒಂದು. ಕಳೆದ ಮಳೆಗಾಲದ ನಂತರ ಗೋಡೆ ನೋಡುವ ಆ ಯಾಜಕನ ಕೆಲಸ ನನ್ನ ಪಾಲಿಗೂ ಬಂದಿತು.

ನಮ್ಮ ಗುರುನಿವಾಸದಲ್ಲಿರುವ ಹಿರಿಯ ಗುರುಗಳು ಸೊಂಟದ ಮೂಳೆ ಮುರಿದ ಮೇಲೆ ವಾಕರ್ ಹಿಡಿದೇ ನಡೆಯುತ್ತಾರೆ. ಬಚ್ಚಲು ಹಿತ್ತಿಲಿನಲ್ಲಿ, ಮೂರು ಮೆಟ್ಟಿಲುಗಳ ಕೆಳಗೆ. ಅವರ ಕೋಣೆಯ ಒಂದು ಮೂಲೆಯನ್ನೇ ಸ್ನಾನಗೃಹವಾಗಿಸಲು ಪಾಲನಾ ಮಂಡಳಿ ನಿರ್ಧರಿಸಿತು. ಮುರಕಲ್ಲಿನ ಗೋಡೆ 9 ಅಂಗುಲ ಜಾಗ ನುಂಗುತ್ತದೆ. ಅದಕ್ಕೆ ಅಡಿಪಾಯವೂ ಬೇಕು. ಉಕ್ಕಿನ ಚೌಕಟ್ಟಿಗೆ ಹಲಗೆ ಬಡಿದ ಗೋಡೆಗೆ ಸುಮಾರು 4 ಅಂಗುಲ ಸಾಕು. ವಾಕರ್ ತಿರುಗಲು ಆ 5 ಅಂಗುಲಗಳ ಉಳಿತಾಯ ಸಣ್ಣದಲ್ಲ. ಆದರೆ ಯಾವ ಹಲಗೆ ಎಂಬಲ್ಲಿ ಚರ್ಚೆ ಆರಂಭವಾಯಿತು.

ನಮ್ಮ ಊರುಗಳಲ್ಲಿ ಚಾವಣಿಗೆ ಹಾಕುವ ಸಾಮಾನ್ಯ ಜಿಪ್ಸಮ್ ಹಲಗೆಯನ್ನು ನೀವು ಕಂಡಿರುತ್ತೀರಿ. ಎರಡು ಕಾಗದಗಳ ನಡುವೆ ಜಿಪ್ಸಮ್. ಆ ಖನಿಜದ ತೂಕದಲ್ಲಿ ಸುಮಾರು 21 ಶೇಕಡಾ ನೀರೇ ಹರಳಿನೊಳಗೆ ಬಂಧಿಯಾಗಿರುವುದರಿಂದ ಬೆಂಕಿಗೆ ಅದು ಬಹಳ ಹೊತ್ತು ಎದುರು ನಿಲ್ಲುತ್ತದೆ. ಹೊರಗಿನಿಂದ ಬಿದ್ದ ನೀರಿಗೆ ಮಾತ್ರ ಮೆತ್ತಗಾಗಿ ಸೋಲುತ್ತದೆ. ಒದ್ದೆಯಾದ ಕಾಗದವಂತೂ ಬೂಷ್ಟಿಗೆ ಊಟ. ಒಂದೆರಡು ದಿನಗಳಲ್ಲೇ ಚಿಗುರಬಲ್ಲದು.

ಗುತ್ತಿಗೆದಾರರು ಹಸುರು ಹಲಗೆಯನ್ನು ಸೂಚಿಸಿದರು. ಅಮೆರಿಕದಲ್ಲಿರುವ ನಮ್ಮ ಧರ್ಮಕೇಂದ್ರದ ಯುವಕರೊಬ್ಬರೂ ಫೋನಿನಲ್ಲಿ ಅದನ್ನೇ ಹೇಳಿದರು. ಈ ಹಲಗೆಯ ತಿರುಳಿಗೆ ಮೇಣ ಅಥವಾ ಸಿಲಿಕೋನ್ ಬೆರೆಸಿರುತ್ತಾರೆ. ಎರಡು ಗಂಟೆ ನೀರಿನಲ್ಲಿ ಮುಳುಗಿಸಿದರೂ ತನ್ನ ತೂಕದ 5 ಶೇಕಡಾಕ್ಕಿಂತ ಹೆಚ್ಚು ನೀರನ್ನು ಹೀರಬಾರದೆಂಬುದು ಅದರ ಮಾನದಂಡ. ಗಾಳಿಯ ತೇವಕ್ಕೆ ಅದು ತಕ್ಕದ್ದೇ. ದಿನವೂ ಸುರಿಯುವ ನೀರಿಗೆ ತಕ್ಕದ್ದಲ್ಲ. ಅಮೆರಿಕದಲ್ಲಿಯೂ ಶವರ್ ಇರುವ ಕಡೆ ಟೈಲ್ಸ್ ಅಡಿಯಲ್ಲಿ ವರ್ಷಗಟ್ಟಲೆ ಅದನ್ನೇ ಬಳಸಿ, 2006ರ ವಸತಿ ಕಟ್ಟಡ ಸಂಹಿತೆಯಲ್ಲಿ ಅದಕ್ಕೆ ತಡೆ ಹಾಕಿದರು. ಶವರಿನ ಆವರಣದ ಹೊರಗೆ ಅಲ್ಲಿ ಈಗಲೂ ಅದು ನಡೆಯುತ್ತದೆ, ಏಕೆಂದರೆ ಅವರ ಸ್ನಾನಗೃಹದಲ್ಲಿ ಒಣಗಿರುವ ಭಾಗವೊಂದಿದೆ. ನಮ್ಮದರಲ್ಲಿ ಎಲ್ಲಿದೆ? ಬಕೆಟ್ಟಿನಿಂದ ಮೊಗೆದು ಹೊಯ್ದುಕೊಳ್ಳುವವರು ನಾವು. ನಾಲ್ಕೂ ಗೋಡೆಗಳಿಗೆ ನೀರು ಎರಚುತ್ತದೆ, ಆಮೇಲೆ ನೆಲವನ್ನೂ ತೊಳೆಯುತ್ತೇವೆ. ಆ ಯುವಕರ ಸಲಹೆ ಅವರ ಮನೆಗೆ ಸರಿಯೇ. ನಮ್ಮ ಬಚ್ಚಲಿಗೆ ಹೊಂದುವುದಿಲ್ಲ.

ಕೊನೆಗೆ ಸ್ನಾನದ ಬದಿಗೆ ಸಿಮೆಂಟ್ ಹಲಗೆ, ಕೋಣೆಯ ಬದಿಗೆ ಹಸುರು ಹಲಗೆ ಎಂದು ಗೊತ್ತುಮಾಡಿದೆವು. ಖರ್ಚಿನ ಬಗ್ಗೆ ಆತಂಕವಿದ್ದ ಮಂಡಳಿಯ ಸದಸ್ಯರಿಗೂ ಇದು ಒಪ್ಪಿಗೆಯಾಯಿತು. ಸಿಮೆಂಟ್ ಹಲಗೆ ಭಾರ, ಕತ್ತರಿಸುವುದೂ ಕಷ್ಟ. ಆದರೆ ನೀರಿನಿಂದ ಕೊಳೆಯದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಳೆಯದಿದ್ದರೂ ಅದು ನೀರನ್ನು ತನ್ನ ಮೂಲಕ ಹಾದುಹೋಗಲು ಬಿಡುತ್ತದೆ. ಆದುದರಿಂದ ಸಂದುಗಳಿಗೆ ಜಾಲರಿ ಪಟ್ಟಿ ಅಂಟಿಸಿ, ಮೇಲೆ ಜಲನಿರೋಧಕ ಲೇಪ ಬಳಿದು, ಅದು ಒಣಗಿದ ಮೇಲೆಯೇ ಟೈಲ್ಸ್ ಕೂರಿಸಬೇಕು. ಹಲಗೆಯ ಕೆಳಅಂಚು ನೆಲಕ್ಕೆ ತಾಗಬಾರದು; ಕೆಲವು ಮಿಲಿಮೀಟರ್ ಬಿಟ್ಟು ಆ ಸಂದನ್ನು ಸೀಲೆಂಟಿನಿಂದ ಮುಚ್ಚಬೇಕು. ಮೇಸ್ತ್ರಿಗಳು ಅಭ್ಯಾಸಬಲದಿಂದ ಅಲ್ಲಿಗೆ ಸಿಮೆಂಟ್ ತುಂಬಲು ಹೋಗುತ್ತಾರೆ. ಹತ್ತಿರ ನಿಂತು ನೋಡಿಕೊಳ್ಳಿರಿ.

ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆತಾಯಿಯರಿದ್ದರೆ ಇನ್ನೊಂದು ಮಾತು. ಜಾರುವ ಮನುಷ್ಯನ ಭಾರವನ್ನು ಯಾವ ಹಲಗೆಯೂ ತಾನಾಗಿ ಹೊರಲಾರದು. ಅಂಗವಿಕಲರಿಗಾಗಿ ಅಮೆರಿಕದಲ್ಲಿರುವ ಮಾನದಂಡದಂತೆ ಹಿಡಿಕಂಬಿ ಸುಮಾರು 113 ಕಿಲೋ ಭಾರವನ್ನು ತಡೆಯಬೇಕು. ಅದಕ್ಕೆ ಗೋಡೆ ಮುಚ್ಚುವ ಮೊದಲೇ ಚೌಕಟ್ಟಿನೊಳಗೆ ದಪ್ಪನೆಯ ಮರೈನ್ ಪ್ಲೈವುಡ್ ಬಿಗಿದಿರಬೇಕು. ಟೈಲ್ಸ್ ಕೂರಿಸಿದ ಮೇಲೆ ನೆನಪಾದರೆ ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಬೇಕಾಗುತ್ತದೆ.

ಎತ್ತರ ಎಷ್ಟಿರಬೇಕೆಂದು ಮೇಸ್ತ್ರಿ ಕೇಳಿದಾಗ ಹಿರಿಯ ಗುರುಗಳು ಬರಿಯ ಚೌಕಟ್ಟಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕುಳಿತರು. ಏಳಲು ಹೋಗಿ ಕೈಚಾಚಿದರು. ಕೈ ತಲುಪಿದಲ್ಲಿ ಮೇಸ್ತ್ರಿ ಪೆನ್ಸಿಲಿನಿಂದ ಗೆರೆ ಎಳೆದರು. ಅಳತೆಪಟ್ಟಿ ಹಿಡಿಸಿ ಅದರ ಚಿತ್ರ ತೆಗೆದು, ಮನೆಯ ಕಡತದಲ್ಲಿ ಇರಿಸಿದ್ದೇನೆ. ಪ್ಲೈವುಡ್ ಎಲ್ಲಿದೆ, ಕೊಳಾಯಿ ಎಲ್ಲಿ ಹಾದುಹೋಗಿದೆ ಎಂಬುದನ್ನು ಮುಂದೆ ಬರುವ ಗುರುಗಳು ಗೋಡೆ ಒಡೆಯದೆಯೇ ತಿಳಿಯಬಹುದು.