ಆಮೆ ಬಂತು, ಅಜ್ಜಿ ಬಂತು

ಕನ್ನಡ ಬಂದವರಿಗೆ ತೆಲುಗು ಕಲಿಯುವುದೇನು ಮಹಾ ಎನ್ನುವವರಿದ್ದಾರೆ. ಆ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ನಾನು ಬ್ಯಾಂಕಿನ ಕೌಂಟರ್ ಹಿಂದೆ ಕೂತು ತಿಳಿದುಕೊಂಡೆ.

ಬಿ.ಕಾಂ. ಮುಗಿಸಿ ಗುಮಾಸ್ತನಾಗಿ ಸೇರಿದಾಗ ನನಗೆ ಸಿಕ್ಕ ಮೊದಲ ಊರು ಕಡಪ ಜಿಲ್ಲೆಯ ಪ್ರೊದ್ದುಟೂರು. ಬಂಗಾರದ ವ್ಯಾಪಾರಕ್ಕೆ ಹೆಸರಾದ ಊರು. ತಾಳಗುಂದದಿಂದ ಹೋದವನಿಗೆ ತೆಲುಗು ಎಂದರೆ ಸಿನಿಮಾ ಪೋಸ್ಟರ್ ಅಷ್ಟೇ. ಆದರೆ ಒಂದು ಉಪಾಯ ಬೇಗ ಹೊಳೆಯಿತು. ಹೈಸ್ಕೂಲಿನಲ್ಲಿ ನಮ್ಮನ್ನು ಗೋಳಾಡಿಸಿದ ಹಳಗನ್ನಡ ಅಲ್ಲಿ ಕೈ ಹಿಡಿಯಿತು. ನಮ್ಮ ‘ಹ’ಕಾರ ಹಿಂದೆ ‘ಪ’ಕಾರವಾಗಿತ್ತಲ್ಲ? ತೆಲುಗು ಅದನ್ನು ಬಿಟ್ಟಿಲ್ಲ. ಹಾವು ಪಾಮು, ಹುಲಿ ಪುಲಿ, ಹಂದಿ ಪಂದಿ, ಹಾಲು ಪಾಲು. ಇನ್ನು ಕೆಲವು ಕಡೆ ನಮ್ಮ ‘ಕ’ ಅಲ್ಲಿ ‘ಚ’: ಕಿವಿ ಚೆವಿ, ಕೆರೆ ಚೆರುವು. ಮಕ್ಕಳೇ, ಇದೊಂದು ಒಳ್ಳೆಯ ಆಟ, ಆಡಿ ನೋಡಿ.

ಈ ಸಲೀಸೇ ಅಪಾಯ. ಪೂರಾ ಗೊತ್ತಿಲ್ಲದ ಭಾಷೆಯಾದರೆ ಕಿವಿ ಎಚ್ಚರವಾಗಿರುತ್ತದೆ. ನಂಟರ ಭಾಷೆಯಲ್ಲಿ ತೂಕಡಿಸುತ್ತದೆ. ಬ್ಯಾಂಕಿಗೆ ಬಂದವರು ‘ಚಿನ್ನ ಲೋನು’ ಎಂದರೆ ಕನ್ನಡದ ಕಿವಿಗೆ ತಕ್ಕಡಿ ನೆನಪಾಗುತ್ತದೆ. ಅಲ್ಲಿ ಚಿನ್ನ ಎಂದರೆ ಸಣ್ಣದು, ಒಡವೆಯದು ಬಂಗಾರಂ. ‘ಅನ್ನ’ ಎಂದರೆ ಅಣ್ಣ, ‘ಆಮೆ’ ಎಂದರೆ ಅವಳು. ಎಲ್ಲಕ್ಕಿಂತ ಮುಖ್ಯವಾದದ್ದು ‘ಅವಸರಂ’. ನಮ್ಮ ಹೆಡ್ ಕ್ಲರ್ಕ್ ಮೊದಲ ವಾರವೇ ಹೇಳಿಟ್ಟಿದ್ದರು: ‘ಅವರು ಡಬ್ಬುಲು ಅವಸರಂ ಅಂದರೆ ಗಡಿಬಿಡಿ ಮಾಡುತ್ತಿದ್ದಾರೆ ಅಂತ ರೇಗಬೇಡ. ಹಣ ಬೇಕಾಗಿದೆ ಅಂತ ಅರ್ಥ.’ ಗಂಡನನ್ನು ಆಸ್ಪತ್ರೆಗೆ ಸೇರಿಸಿ ಬಂದ ಹೆಂಗಸೊಬ್ಬರು ಒಂದು ದಿನ ಅದೇ ಮಾತು ಹೇಳಿ, ತಮ್ಮ ಸರದಿಗಾಗಿ ಸುಮ್ಮನೆ ಮೂಲೆಯಲ್ಲಿ ನಿಂತಿದ್ದರು. ಅವಸರ ಅವರಿಗೆ ನಿಜವಾಗಿಯೂ ಇತ್ತು. ಹೇಳಿದ್ದು ಮಾತ್ರ ಅದಲ್ಲ.

ಬೆಂಗಳೂರಿನಲ್ಲಿ ಫ್ರೆಂಚ್ ಕಲಿತ ನನ್ನ ತಂಗಿಯ ಮಗಳು ಈಗ ಸ್ಪ್ಯಾನಿಷ್ ಹಿಡಿದಿದ್ದಾಳೆ. ಎರಡೂ ಲ್ಯಾಟಿನ್ನಿನ ಮಕ್ಕಳು. ಅಲ್ಲೂ ಇದೇ ಕಥೆಯಂತೆ. ಫ್ರೆಂಚಿನ ‘ಆಂತಾಂದ್ರ್’ ಎಂದರೆ ಕಿವಿಗೆ ಕೇಳಿಸುವುದು, ಸ್ಪ್ಯಾನಿಷ್‌ನ ‘ಎಂತೆಂದೇರ್’ ಎಂದರೆ ಅರ್ಥವಾಗುವುದು. ಕೇಳಿಸಿದ್ದೆಲ್ಲ ಅರ್ಥವಾದಂತೆ ಎಂದುಕೊಂಡರೆ ಕೆಟ್ಟೆ!

ಈಗ ನಮ್ಮ ಮನೆಯ ವಿಷಯ. ಮಗಳ ಸಂಸಾರ ಹೈದರಾಬಾದಿನಲ್ಲಿ. ಒಂಬತ್ತು ವರ್ಷದ ಮೊಮ್ಮಗನಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ತೆಲುಗು. ನಾನು ಕರ್ನಾಟಕಕ್ಕೆ ಬಂದ ಮೇಲೆ ಮದುವೆಯಾದದ್ದರಿಂದ ನನ್ನಾಕೆಗೆ ತೆಲುಗು ಬಾರದು. ಫೋನಿನಲ್ಲಿ ಎರಡು ನಿಮಿಷ ‘ಊಟ ಆಯ್ತಾ ಮರಿ’ ಎಂದು ಕೇಳಿ, ಅವನು ಹೇಳಿದ್ದು ತಿಳಿಯದೆ ನನ್ನ ಕೈಗೆ ಫೋನ್ ಕೊಟ್ಟುಬಿಡುತ್ತಿದ್ದಳು. ಅವಳ ಆ ಮುಖ ನೋಡಲಾಗುತ್ತಿರಲಿಲ್ಲ.

ಕಳೆದ ಬೇಸಿಗೆ ರಜೆಗೆ ಬಂದವನನ್ನು ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಹತ್ತಿರ ಕರೆದೊಯ್ದೆ. ಕದಂಬರ ಶಾಂತಿವರ್ಮನ ಕಾಲದ ಶಾಸನ. ಮಯೂರಶರ್ಮ ಇಲ್ಲಿಂದ ಕಂಚಿಗೆ ಓದಲು ಹೋದ ಕಥೆ ಅದರಲ್ಲೇ ಇದೆ. ‘ಇದು ತೆಲುಗಾ, ಕನ್ನಡಾನಾ?’ ಎಂದ. ಭಾಷೆ ಸಂಸ್ಕೃತ, ಬರೆದ ಕವಿ ಕುಬ್ಜ, ಅಕ್ಷರ ಮಾತ್ರ ನಮ್ಮಿಬ್ಬರ ಅಕ್ಷರಗಳಿಗೂ ಅಜ್ಜಿ ಎಂದೆ. ಒಂದಕ್ಷರವೂ ನನಗೂ ಓದಲು ಬರದು ಎಂದು ಗೊತ್ತಾದಾಗ ಅವನಿಗೆ ಭಾರಿ ಸಮಾಧಾನ. ಭಾಷೆಯ ಲೆಕ್ಕದಲ್ಲಿ ಕನ್ನಡಕ್ಕೆ ತೆಲುಗಿಗಿಂತ ತಮಿಳೇ ಹತ್ತಿರ ಎನ್ನುತ್ತಾರೆ ಬಲ್ಲವರು. ಲಿಪಿಯಲ್ಲಿ ಮಾತ್ರ ತೆಲುಗು ಒಡಹುಟ್ಟು. ಅಚ್ಚಿನ ಮೊಳೆಗಳು ಬಂದ 19ನೆಯ ಶತಮಾನದಲ್ಲಿ ಪೂರ್ತಿ ಬೇರೆ ಮನೆ ಮಾಡಿದ್ದು. ತಲೆಕಟ್ಟು ಬೇರೆ, ಕ, ತ, ಶ ಬೇರೆ. ಮಿಕ್ಕವನ್ನು ಹುಡುಗ ಒಂದೇ ವಾರದಲ್ಲಿ ಗುರುತು ಹಿಡಿದ.

ಮಾತಿನದೇ ಕಷ್ಟ. ಕನ್ನಡದಲ್ಲಿ ಅವಳು ಬಂದಳು, ಹಸು ಬಂತು. ತೆಲುಗಿನಲ್ಲಿ ಹೆಂಗಸಿಗೂ ಹಸುವಿಗೂ ಒಂದೇ ‘ವಚ್ಚಿಂದಿ’. ಹಾಗಾಗಿ ಅವನು ಕಷ್ಟಪಟ್ಟು ಕನ್ನಡದಲ್ಲೇ ಕೂಗಿದ: ‘ತಾತಾ, ಅಜ್ಜಿ ಬಂತು!’

‘ನಾನೇನು ಕೊಟ್ಟಿಗೆಯಿಂದ ಬಂದೆನಾ?’ ಎಂದಳು ನನ್ನಾಕೆ. ಬೈದದ್ದೇನೋ ಹೌದು, ಆದರೆ ಖುಷಿ ಮುಚ್ಚಿಡಲಾಗಲಿಲ್ಲ. ಅವತ್ತಿನಿಂದ ಪಾಠ ಅವಳದೇ. ನನ್ನ ಸಲಹೆ ಒಂದೇ: ಎರಡು ಲೆಡ್ಜರ್ ಇಡು, ಅದರ ಎಂಟ್ರಿ ಇದಕ್ಕೆ ಬೀಳದಿರಲಿ. ಪಾಲು ಅಲ್ಲಿ ಕುಡಿಯುವುದಕ್ಕೆ, ಇಲ್ಲಿ ಹಂಚಿಕೊಳ್ಳುವುದಕ್ಕೆ ಎಂದು ಅವನು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ.

ದಸರಾ ರಜೆಗೆ ಬಂದಾಗ ಬಸ್ಸಿಳಿದವನೇ ‘ಅಜ್ಜಿ ಬಂದ್ರು’ ಎಂದ. ಸಂಜೆ ‘ಹಸು ಬಂದ್ರು’ ಎಂದೂ ಹೇಳಿದ. ಅದನ್ನು ಬೇಸಿಗೆಗೆ ನೋಡಿಕೊಳ್ಳೋಣ ಎಂದಿದ್ದಾಳೆ ಇವಳು.