ತವರಿಲ್ಲದ ತಂಡ

ತುಂಗಭದ್ರೆಯ ದಡದಲ್ಲಿರುವ ಕೆಂಚನಗುಡ್ಡದಂತಹ ಊರುಗಳಲ್ಲಿ ಕಬಡ್ಡಿಯು ಹೊಸದಾಗಿ ಕಲಿಸಿಕೊಡಬೇಕಾದ ವಿದ್ಯೆಯಲ್ಲ. ಅದಕ್ಕೆ ಬೇಕಾದುದಾದರೂ ಏನು? ಒಂದಿಷ್ಟು ಬಯಲು, ನಡುವೆ ಎಳೆದ ಗೆರೆ, ಎದೆಯಲ್ಲಿ ಬಿಗಿಹಿಡಿದ ಉಸಿರು. ಕೊಯಿಲು ಮುಗಿದ ಬತ್ತದ ಗದ್ದೆಯಾದರೂ ಸಾಕು. ಉಳ್ಳವನ ಮಗನಿಗೂ ಕೂಲಿಯವನ ಮಗನಿಗೂ ಅಲ್ಲಿ ಸಮಪಾಲು. ಇಂತಹ ಆಟದಲ್ಲಿ ‘ನಮ್ಮವರು ಯಾರು?’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಈಚೆ ಕೇರಿಯವರು ನಮ್ಮವರು, ಆಚೆ ಕೇರಿಯವರು ಎದುರಾಳಿಗಳು; ಆಟ ಮುಗಿದ ಮೇಲೆ ಇಬ್ಬರೂ ಒಂದೇ ಹೊಳೆಯಲ್ಲಿ ಮೈತೊಳೆಯುವರು.

2014ರಲ್ಲಿ ಈ ಆಟಕ್ಕೆ ಪ್ರೊ ಕಬಡ್ಡಿ ಲೀಗ್ ಎಂಬ ಹೊಸ ಅವತಾರವಾಯಿತು. ಮಣ್ಣು ಹೋಗಿ ಮ್ಯಾಟು ಬಂದಿತು. ಆಟಗಾರರು ಹರಾಜಿನಲ್ಲಿ ತಂಡಗಳಿಗೆ ಸಂದರು. ಮನೆಮನೆಯ ದೂರದರ್ಶನದ ಪೆಟ್ಟಿಗೆಯಲ್ಲಿ ತೊಡೆ ತಟ್ಟುವ ಸದ್ದು ಕೇಳಿಸಿತು. ಕನ್ನಡನಾಡಿನ ಪಾಲಿಗೆ ದೊರೆತ ತಂಡವು ಬೆಂಗಳೂರು ಬುಲ್ಸ್. ಅದರ ಹೆಸರೇನೋ ಬೆಂಗಳೂರಿನದು. ಆದರೆ 2018ರ ಆರನೆಯ ಋತುವಿನಲ್ಲಿ ಅದರ ನಾಯಕ ರೋಹಿತ್ ಕುಮಾರನೂ, ಮುಖ್ಯ ದಾಳಿಗಾರ ಪವನ್ ಸೆಹ್ರಾವತನೂ ಉತ್ತರದವರು. ಕಾಶಿಲಿಂಗ ಅಡಕೆ ಮಹಾರಾಷ್ಟ್ರದವನು. ತರಬೇತಿಯ ಬಳಗದಲ್ಲಿ ಕರ್ನಾಟಕದ ಬಿ. ಸಿ. ರಮೇಶರು ಇದ್ದರೆಂಬುದೊಂದು ಸಮಾಧಾನ. ಇಷ್ಟೂ ಸಾಲದೆಂಬಂತೆ, ಆ ವರ್ಷ ತಂಡದ ತವರಿನ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯದೆ ಪುಣೆಯಲ್ಲಿ ನಡೆದವು. ಅದರ ಹಿಂದಿನ ವರ್ಷ ಅವು ನಾಗಪುರದಲ್ಲಿ ನಡೆದಿದ್ದವು.

‘ಹುಡುಗರು ನಮ್ಮವರಲ್ಲ, ಅಂಗಳವೂ ನಮ್ಮದಲ್ಲ, ಹೆಸರೊಂದನ್ನು ಹಿಡಿದು ಕುಣಿಯುವುದೇಕೆ?’ ಎಂದು ಊರಿನ ಹಿರಿಯನೊಬ್ಬನು ಕೇಳಿದರೆ ಅದನ್ನು ಒರಟು ಮಾತೆಂದು ತಳ್ಳಿಹಾಕುವಂತಿಲ್ಲ. ಅವನು ಕಂಡ ಆಟದಲ್ಲಿ ಬಿದ್ದವನನ್ನು ಎತ್ತುವವರು ಅವನ ನೆಂಟರೇ ಆಗಿದ್ದರು. ಹಣಕ್ಕೆ ಬಂದವನು ಹಣಕ್ಕೆ ಹೋಗುವನೆಂಬ ಅವನ ಅಳುಕಿನಲ್ಲಿ ನಿಜವಿಲ್ಲದೆ ಇಲ್ಲ.

ಇದಕ್ಕೆ ಉತ್ತರವನ್ನು ಆ ಋತುವಿನ ಕಥೆಯೇ ಕೊಡಬೇಕು. ಪವನನು ಮೊದಲು ಬುಲ್ಸ್ ತಂಡದಲ್ಲಿಯೇ ಇದ್ದವನು. 2017ರಲ್ಲಿ ಗುಜರಾತಿನ ತಂಡಕ್ಕೆ ಹೋದನು. ಅಲ್ಲಿ ಅವನಿಗೆ ಆಡುವ ಅವಕಾಶ ಹೆಚ್ಚಾಗಿ ಒದಗಲಿಲ್ಲ. 2018ರ ಹರಾಜಿನಲ್ಲಿ ಬೆಂಗಳೂರು ಅವನನ್ನು 50 ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯಿತ್ತು ಮರಳಿ ಕರೆತಂದಿತು. ಕುಳಿತು ಕಾದವನ ಹಸಿವು ಎಷ್ಟೆಂಬುದು ಆಗ ತಿಳಿಯಿತು. 24 ಪಂದ್ಯಗಳಲ್ಲಿ ಅವನು ದಾಳಿಯಿಂದಲೇ ತಂದ ಅಂಕಗಳು 271. ಆ ವರ್ಷ ಅವನನ್ನು ಮೀರಿದ ದಾಳಿಗಾರನಿಲ್ಲ. 12 ತಂಡಗಳನ್ನು ಎರಡು ವಲಯಗಳಾಗಿ ಹಂಚಿದ್ದ ಆ ಲೀಗಿನಲ್ಲಿ ಬೆಂಗಳೂರು ತನ್ನ ವಲಯಕ್ಕೆ ಮೊದಲಿಗನಾಯಿತು. ಇನ್ನೊಂದರ ಮೊದಲಿಗ ಗುಜರಾತ್.

2018ರ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಈ ಎರಡೂ ಎದುರಾದವು. ಬೆಂಗಳೂರು 41–29ರಿಂದ ಗೆದ್ದು ನೇರವಾಗಿ ಅಂತಿಮ ಪಂದ್ಯಕ್ಕೆ ನಡೆಯಿತು. ಸೋತವರಿಗೂ ಇನ್ನೊಂದು ಬಾಗಿಲು ತೆರೆದಿಡುವುದು ಆ ಲೀಗಿನ ಕ್ರಮ. ಗುಜರಾತ್ ಆ ಬಾಗಿಲಿನಿಂದ ಒಳಬಂದು ಮತ್ತೆ ಎದುರು ನಿಂತಿತು.

2019ರ ಜನವರಿ 5, ಮುಂಬಯಿ. 20 ನಿಮಿಷಗಳ ಮೊದಲರ್ಧ ಮುಗಿದಾಗ ಗುಜರಾತಿಗೆ 16, ಬೆಂಗಳೂರಿಗೆ 9. ಏಳು ಅಂಕಗಳ ಈ ಅಂತರವು ಸಣ್ಣದಲ್ಲ. ಕಬಡ್ಡಿಯಲ್ಲಿ ದಾಳಿಗೆ ಹೋದವನಿಗೆ ದೊರೆಯುವುದು 30 ಸೆಕೆಂಡು. ಎದುರಿಗೆ ಏಳು ಮಂದಿ. ಅವನ ಬೆನ್ನಿಗೆ ಯಾರೂ ಇರುವುದಿಲ್ಲ. ಒಬ್ಬನು ಬಿದ್ದರೆ ಒಂದು ಅಂಕ ಹೋಗುವುದಲ್ಲದೆ ತಂಡದ ಬಲವೂ ಕುಂದುವುದು. ಇಂತಹ ಹೊತ್ತಿನಲ್ಲಿ ಪವನನು ಗೆರೆ ದಾಟಿ ಹೋದನು, ಮುಟ್ಟಿದನು, ಮರಳಿದನು, ಮತ್ತೆ ಹೋದನು. ಆ ಪಂದ್ಯದಲ್ಲಿ ಅವನು ದಾಳಿಯಿಂದ ತಂದ ಅಂಕಗಳು 22. ಎರಡನೆಯ ಅರ್ಧದಲ್ಲಿ ಬೆಂಗಳೂರು 29 ಅಂಕಗಳನ್ನು ಗಳಿಸಿ 38–33ರಿಂದ ಗೆದ್ದಿತು. 2015ರ ಅಂತಿಮ ಪಂದ್ಯದಲ್ಲಿ ಕೈತಪ್ಪಿದ್ದ ಬಿರುದು ಕೊನೆಗೆ ಕೈಸೇರಿತು. ಹಿಂದಿನ ವರ್ಷ ಹೊರಗೆ ಕುಳಿತು ಯಾವ ತಂಡದ ಆಟವನ್ನು ನೋಡಿದ್ದನೋ ಆ ತಂಡವನ್ನೇ ಅವನು ಗೆದ್ದಿದ್ದನು.

ಮರುವರ್ಷ ಪಂದ್ಯಗಳು ಬೆಂಗಳೂರಿನ ಕಂಠೀರವ ಒಳಾಂಗಣಕ್ಕೆ ಹಿಂದಿರುಗಿದವು. ತಂಡವು ಮಾತ್ರ ಉಪಾಂತ್ಯದಲ್ಲಿ ದೆಹಲಿಗೆ ಸೋತಿತು. ತವರಿಲ್ಲದಾಗ ಗೆದ್ದವರು ತವರು ದೊರೆತಾಗ ಸೋತರು. ಹಾಗೆಂದು ಅವರನ್ನು ನೆಚ್ಚಿದ್ದವರ ಪ್ರೀತಿ ಕುಂದಿತೆ?

ನೆಂಟಸ್ತಿಕೆಯು ಹುಟ್ಟಿನಿಂದ ಮಾತ್ರವೇ ಬರುವುದಿಲ್ಲ. ಮನೆಗೆ ಬಂದ ಸೊಸೆಯು ಬೇರೆ ಊರಿನವಳು; ಮನೆಯ ಕಷ್ಟಕ್ಕೆ ಹೆಗಲು ಕೊಟ್ಟ ದಿನ ಅವಳು ಆ ಮನೆಯವಳೇ ಆಗುವಳು. ಏಳು ಅಂಕಗಳಿಂದ ಹಿಂದೆ ಬಿದ್ದಿರುವಾಗ ಒಂದು ನಾಡಿನ ಹೆಸರನ್ನು ಎದೆಯ ಮೇಲೆ ಹೊತ್ತು, ಒಂಟಿಯಾಗಿ ಗೆರೆ ದಾಟಿದವನಿಗೂ ಅದೇ ನ್ಯಾಯ ಸಲ್ಲಬೇಡವೆ? ಹಿರಿಯನ ಪ್ರಶ್ನೆ ಇದರಿಂದ ಸುಳ್ಳಾಗುವುದಿಲ್ಲ. ಕನ್ನಡದ ಹಳ್ಳಿಗಳ ಹುಡುಗರಿಗೆ ಆ ಮ್ಯಾಟಿನ ಮೇಲೆ ಇನ್ನೂ ಹೆಚ್ಚಿನ ಎಡೆ ದೊರೆಯಬೇಕೆಂಬ ಬೇಡಿಕೆಯಾಗಿ ಅದು ಉಳಿಯಲಿ. ಆದರೆ ಹೆಸರಿಗೆ ತಕ್ಕಂತೆ ದುಡಿದವನನ್ನು ಪರಕೀಯನೆನ್ನುವುದು ಗೆರೆಯ ಆಚೆಗೂ ಸ್ನೇಹವನ್ನು ಕಲಿಸಿದ ಆ ಗದ್ದೆಯಾಟಕ್ಕೆ ಒಪ್ಪುವ ಮಾತಲ್ಲ.